ಹಳೆಯ ವಾಲ್ವ್ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್

ಇಂಗ್ಲೆಂಡಿನ ಹಂಟಿಂಗ್ಡನ್ ಊರಿನಲ್ಲಿ ಪೀಟರ್ ವಾಕರ್ ಅವರ ಸಂಸ್ಥೆ 1953ರಲ್ಲಿ ಕ್ವಾಡ್ 2 ಎಂಬ ವಾಲ್ವ್ ಆಂಪ್ಲಿಫೈಯರನ್ನು ತಂದಿತು. ಅದರ ಶಕ್ತಿ ಬರೀ 15 ವಾಟ್. ಎಪ್ಪತ್ತು ವರ್ಷ ದಾಟಿದರೂ ಅವುಗಳಲ್ಲಿ ಎಷ್ಟೋ ಇಂದಿಗೂ ಸೊಗಸಾಗಿ ಹಾಡುತ್ತಿವೆ. ವಾಲ್ವ್‌ಗಳು ಎಷ್ಟೋ ಸಲ ಬದಲಾಗಿರುತ್ತವೆ, ಕಂಡೆನ್ಸರ್‌ಗಳೂ ಅಷ್ಟೇ. ಆದರೆ ಎರಡು ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳು ಮಾತ್ರ ಬಹಳಷ್ಟರಲ್ಲಿ ಮೊದಲಿನವೇ.

ಒಂದು ಮೇನ್ಸ್ ಟ್ರಾನ್ಸ್‌ಫಾರ್ಮರ್, ಮನೆಯ ಕರೆಂಟಿನಿಂದ ವಾಲ್ವ್‌ಗಳಿಗೆ ಬೇಕಾದ ಮುನ್ನೂರಕ್ಕೂ ಹೆಚ್ಚು ವೋಲ್ಟನ್ನೂ ಅವುಗಳ ಹೀಟರಿಗೆ ಬೇಕಾದ 6.3 ವೋಲ್ಟನ್ನೂ ಒದಗಿಸುತ್ತದೆ. ಇನ್ನೊಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ವಾಲ್ವ್ ಮತ್ತು ಸ್ಪೀಕರ್ ನಡುವೆ ಕೂತಿರುತ್ತದೆ. ಆಂಪ್ಲಿಫೈಯರಿನ ನಾದದ ಗುಣ ಬಹುಮಟ್ಟಿಗೆ ಇದರ ಕೈಯಲ್ಲಿದೆ.

ಇವುಗಳೊಳಗಿನ ಕಬ್ಬಿಣ, ತಾಮ್ರಗಳಿಗೆ ಮುಪ್ಪಿಲ್ಲ ಎನ್ನಬಹುದು. ಸವೆಯುವುದು ತಂತಿಯ ಮೇಲಿನ ಎನಾಮೆಲ್ ಲೇಪ ಮತ್ತು ಸುತ್ತುಗಳ ನಡುವಿನ ಕಾಗದ. ಬಿಸಿ ಸುಮಾರು 10 ಡಿಗ್ರಿ ಏರಿದರೆ ಈ ಇನ್ಸುಲೇಷನ್ನಿನ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ಎಂಜಿನಿಯರುಗಳ ಲೆಕ್ಕಾಚಾರ.

ಹಾಗಾದರೆ ಆ ಹೆಚ್ಚಿನ ಬಿಸಿ ಬರುವುದೆಲ್ಲಿಂದ? ಕ್ವಾಡ್‌ನಲ್ಲಿ ಹಲವು ಬಾರಿ ಒಂದು ಚಿಕ್ಕ ಕಂಡೆನ್ಸರಿನಿಂದ. ಸಂಗೀತದ ಅಲೆಗಳನ್ನು ಮುಂದಿನ ವಾಲ್ವಿಗೆ ಬಿಟ್ಟು, ಹಿಂದಿನ ಹಂತದ ಡಿ.ಸಿ. ವೋಲ್ಟೇಜನ್ನು ತಡೆಯುವುದು ಅದರ ಕೆಲಸ. ವಯಸ್ಸಾದಂತೆ ಅದು ಸೋರತೊಡಗುತ್ತದೆ. ತಡೆಯಬೇಕಿದ್ದ ವೋಲ್ಟೇಜು ಆ ಮುಂದಿನ ವಾಲ್ವಾದ ಕೆಟಿ66ರ ಗ್ರಿಡ್ಡಿಗೆ ಹರಿದು, ವಾಲ್ವ್ ಮಿತಿಮೀರಿ ಕರೆಂಟು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ಕಾಯುತ್ತದೆ, ಡಬ್ಬಿಯೊಳಗೆ ತುಂಬಿದ ಡಾಂಬರಿನಂಥ ಕಪ್ಪು ಪದಾರ್ಥ ಕರಗಿ ಹೊರಗೆ ತೊಟ್ಟಿಕ್ಕುತ್ತದೆ. ನೋಡಿದವರು ಟ್ರಾನ್ಸ್‌ಫಾರ್ಮರ್ ಮುದಿಯಾಯಿತು ಎನ್ನುತ್ತಾರೆ. ಅಲ್ಲ, ಕೆಲವೇ ರೂಪಾಯಿಯ ಬಿಡಿಭಾಗವನ್ನು ಸಕಾಲಕ್ಕೆ ಬದಲಿಸಲಿಲ್ಲ, ಅಷ್ಟೇ. ಟ್ರಾನ್ಸ್‌ಫಾರ್ಮರನ್ನು ಕಾಪಾಡಬೇಕೆಂದರೆ ಮೊದಲು ಅದರ ನೆರೆಹೊರೆಯನ್ನು ನೋಡಬೇಕು.

ಫ್ಯೂಸ್ ಹಾರಿತೆಂದು ದಪ್ಪ ತಂತಿ ಕಟ್ಟಬೇಡಿ. ಹಾರಿದ ಫ್ಯೂಸ್ ಟ್ರಾನ್ಸ್‌ಫಾರ್ಮರನ್ನು ಉಳಿಸಿರುತ್ತದೆ. ಸ್ಪೀಕರ್ ಜೋಡಿಸದೆ ಜೋರಾಗಿ ನುಡಿಸುವುದಂತೂ ಕೂಡದು. ಆಗ ಔಟ್‌ಪುಟ್ ಸುತ್ತಿನಲ್ಲಿ ವೋಲ್ಟೇಜು ಚಿಮ್ಮಿ ಇನ್ಸುಲೇಷನ್ನನ್ನೇ ತೂತು ಮಾಡೀತು. ಮೇನ್ಸ್ ವೋಲ್ಟೇಜನ್ನು ಹೊಂದಿಸುವ ಅವಕಾಶವಿದ್ದರೆ, ಅದು ನಿಮ್ಮ ಮನೆಯ ವೋಲ್ಟೇಜಿಗೆ ಸರಿಯಾಗಿದೆಯೇ ನೋಡಿಕೊಳ್ಳಿ. ಸುತ್ತ ಗಾಳಿಯಾಡಲಿ.

ವರ್ಷಗಟ್ಟಲೆ ಅಟ್ಟದ ಮೇಲಿದ್ದ ಆಂಪ್ಲಿಫೈಯರಿಗೆ ನೇರವಾಗಿ ಕರೆಂಟು ಕೊಡಬೇಡಿ. ಅನುಭವಿ ಮೆಕ್ಯಾನಿಕ್‌ಗಳು ವಾಲ್ವ್‌ಗಳನ್ನೆಲ್ಲ ತೆಗೆದು, ಸೀರೀಸ್‌ನಲ್ಲಿ ಒಂದು ಬಲ್ಬ್ ಹಾಕಿ ಪರೀಕ್ಷಿಸುತ್ತಾರೆ. ಅದು ಫಿಲಮೆಂಟಿನ ಹಳೇ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯದು. ಬಲ್ಬ್ ಮಿಣುಕಿದರೆ ಅಥವಾ ಉರಿಯದಿದ್ದರೆ ಸಮಾಧಾನ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜು ಉಳಿದಿರಬಹುದು. ಆದ್ದರಿಂದ ಈ ಕೆಲಸ ಬಲ್ಲವರಿಗೇ ಬಿಡಿ.

ಟ್ರಾನ್ಸ್‌ಫಾರ್ಮರ್ ಕೊನೆಗೂ ಸುಟ್ಟೇಹೋದರೆ ರಿವೈಂಡಿಂಗ್ ಇದೆ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಸುತ್ತುವವರು ಸಿಗುತ್ತಾರೆ. ಔಟ್‌ಪುಟ್ಟಿನದು ಕಷ್ಟ. ಅದರಲ್ಲಿ ಸುತ್ತುಗಳನ್ನು ಪದರ ಪದರವಾಗಿ ಒಂದರೊಳಗೊಂದು ಹೆಣೆದಿರುತ್ತಾರೆ, ಕ್ವಾಡ್‌ನಲ್ಲಿ ಕ್ಯಾಥೋಡಿಗೂ ಬೇರೆ ಸುತ್ತುಗಳಿವೆ. ಹಳೆಯದನ್ನು ಬಿಚ್ಚುವಾಗಲೇ ಸುತ್ತುಗಳ ಸಂಖ್ಯೆ, ತಂತಿಯ ಗಾತ್ರ, ಪದರಗಳ ಕ್ರಮವನ್ನು ಬರೆದಿಟ್ಟುಕೊಳ್ಳುವಂತೆ ಹೇಳಿ. ಸುಟ್ಟ ಸುರುಳಿಯನ್ನು ಗುಜರಿಗೆ ಹಾಕುವ ಮುನ್ನ ಆ ಲೆಕ್ಕ ನಿಮ್ಮ ಕೈಯಲ್ಲಿರಲಿ.