ಮನೆಯಂಗಳದ ಜರೀಗಿಡ

ಹೂವಿಲ್ಲದ ಗಿಡವನ್ನು ಯಾರು ತಾನೆ ಆದರಿಸುವರು? ಹಳೆಯ ಬಾವಿಯ ಕಲ್ಲುಸಂದಿಯಲ್ಲಿ, ಬಚ್ಚಲ ಗೋಡೆಯ ಬುಡದಲ್ಲಿ ಜರೀಗಿಡವು ತಾನಾಗಿ ಹುಟ್ಟಿ ತಾನಾಗಿ ಬಾಳುತ್ತದೆ. ನಾವು ಕಳೆಯೆಂದು ಕಿತ್ತೆಸೆಯುತ್ತೇವೆ. ಕೊಡಗಿನವರಾದರೋ ಅದರ ಒಂದು ಜಾತಿಯ ಸುರುಳಿ ಚಿಗುರನ್ನು ತೆರ್ಮೆ ತೊಪ್ಪೆಂದು ಕರೆದು ಪಲ್ಯ ಮಾಡಿ ಸವಿಯುತ್ತಾರೆ.

ಮನೆಯ ತಂಪು ನೆರಳಿಗೆ ಇದಕ್ಕಿಂತ ಒಪ್ಪುವ ಗಿಡವಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಸಂಗ್ರಹಿಸುವ ಬಗೆಯಲ್ಲಿ ನಾವೇ ಎಡವಿದ್ದೆವೆಂಬುದನ್ನು ಶ್ರೋತೃಗಳ ಮುಂದೆ ಒಪ್ಪಿಕೊಳ್ಳಬೇಕು. ಒಮ್ಮೆ ಆಗುಂಬೆಯ ಘಟ್ಟದಿಂದ ಹನ್ನೆರಡು ಗಿಡಗಳನ್ನು ಬೇರುಸಹಿತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ ಬಯಲುಸೀಮೆಗೆ ತಂದೆವು. ಮಳೆಗಾಲ ಕಳೆಯುವವರೆಗೆ ನಳನಳಿಸಿದವು. ಚೈತ್ರದ ಬಿಸಿಗಾಳಿಗೆ ಒಂದೂ ಉಳಿಯಲಿಲ್ಲ. ಘಟ್ಟದಲ್ಲಿ ಹನ್ನೆರಡು ಕುಳಿಗಳು, ನಮ್ಮಲ್ಲಿ ಹನ್ನೆರಡು ಬರಿಯ ಕುಂಡಗಳು!

ಇದು ನಮ್ಮೊಬ್ಬರ ತಪ್ಪಲ್ಲ. 1829ರಲ್ಲಿ ಲಂಡನ್ನಿನ ವಾರ್ಡ್ ಎಂಬ ವೈದ್ಯರು ಪತಂಗದ ಕೋಶವೊಂದನ್ನು ಮುಚ್ಚಿದ ಸೀಸೆಯಲ್ಲಿಟ್ಟಿದ್ದಾಗ, ಒಳಗಿನ ಒದ್ದೆ ಮಣ್ಣಿನಲ್ಲಿ ಜರೀಗಿಡವೊಂದು ಮೊಳೆಯಿತು. ಹೊಗೆ ಕವಿದ ಆ ಪಟ್ಟಣದಲ್ಲಿ ಹೊರಗೆ ಬದುಕದ ಗಿಡ ಗಾಜಿನೊಳಗೆ ಬದುಕುವುದೆಂದು ತಿಳಿದದ್ದೇ ತಡ, ಸಿರಿವಂತರ ಮನೆಗಳಿಗೆಲ್ಲ ಗಾಜಿನ ಪೆಟ್ಟಿಗೆಗಳು ಬಂದವು. ಅವನ್ನು ತುಂಬಲು ಕಾಡು ಬರಿದಾಯಿತು. ಐರ್ಲೆಂಡಿನ ಕಿಲ್ಲಾರ್ನಿಯ ಹೆಸರು ಹೊತ್ತ ಒಂದು ಜಾತಿಯಂತೂ ಸಂಗ್ರಾಹಕರ ಕೈಗೆ ಸಿಕ್ಕಿ ಅನೇಕ ಎಡೆಗಳಲ್ಲಿ ಇಲ್ಲವಾಯಿತು.

ಹಾಗಾದರೆ ತರುವುದೆಂತು? ಎಲೆಯ ಬೆನ್ನಿನ ಕಂದು ಚುಕ್ಕೆಗಳನ್ನು ರೋಗವೆಂದು ಬಗೆದು ಔಷಧಿ ಎರಚಿದವರನ್ನು ನಾವು ಬಲ್ಲೆವು. ಅವು ಬೀಜಕ್ಕೆ ಬದಲಾಗಿ ಈ ಗಿಡಕ್ಕಿರುವ ಬೀಜಕಣಗಳ ಗೂಡುಗಳು. ಅಂತಹ ಗರಿಯ ಒಂದು ತುಂಡು ಸಾಕು. ಕಾಗದದ ಮಡಿಕೆಯಲ್ಲಿ ಎರಡು ದಿನವಿಟ್ಟರೆ ನಸ್ಯದಂತಹ ಪುಡಿ ಉದುರುತ್ತದೆ. ಹಳೆಯ ಇಟ್ಟಿಗೆಯ ಚೂರಿಗೆ ಕುದಿನೀರು ಸುರಿದು, ತಣಿದ ಮೇಲೆ ನೀರಿನ ತಟ್ಟೆಯಲ್ಲಿಟ್ಟು, ಪುಡಿಯನ್ನು ತೆಳ್ಳಗೆ ಉದುರಿಸಿ, ಗಾಜಿನ ಪಾತ್ರೆಯನ್ನು ಬೋರಲು ಹಾಕಿ, ಬೆಳಕುಳ್ಳ ನೆರಳಿನಲ್ಲಿರಿಸಬೇಕು. ಕೆಲವು ವಾರಗಳಲ್ಲಿ ಹಸುರು ಕಾಣುವುದು. ಅವಸರದವರು ಪಾಚಿಯೆಂದು ತೊಳೆದುಬಿಡುವುದುಂಟು! ದಿಟ್ಟಿಸಿ ನೋಡಿದರೆ ಉಗುರಿಗಿಂತ ಚಿಕ್ಕದಾದ ಹೃದಯಾಕಾರದ ಬಿಲ್ಲೆಗಳು. ಗಂಡು ಹೆಣ್ಣು ಕಣಗಳು ಅವುಗಳಲ್ಲಿಯೇ ಹುಟ್ಟುತ್ತವೆ. ಗಂಡು ಕಣವು ನೀರಿನಲ್ಲಿ ಈಜಿಯೇ ಹೆಣ್ಣನ್ನು ಸೇರಬೇಕಾದುದರಿಂದ ಆಗ ಇಟ್ಟಿಗೆ ಒಣಗಕೂಡದು. ತಿಂಗಳುಗಳ ಮೇಲೆ ಮೊದಲ ಗರಿ ಏಳುತ್ತದೆ. ಎಲೆಗೊಬ್ಬರ, ಮರಳು, ಇದ್ದಿಲ ಚೂರು ಬೆರಸಿದ ಕುಂಡಕ್ಕೆ ಆಗ ಅದನ್ನು ಕೀಳಬಹುದು.

ನಮ್ಮ ಬಾವಿಯ ಗೋಡೆಯ ಗಿಡದಿಂದ ಹೀಗೆ ಬೆಳೆಸಿದ ಮೂರು ಸಸಿಗಳು ಎರಡು ಬೇಸಗೆಗಳನ್ನು ಕಳೆದಿವೆ.