ತಲೆಬುರುಡೆಯೊಳಗಿನ ಒತ್ತಡ: ರೋಗಿಯ ಬಳಿ ಕುಳಿತವರು ತಿಳಿಯಬೇಕಾದುದು

(ಉತ್ಸವದ ಅಂಗವಾಗಿ ಏರ್ಪಡಿಸಿದ ಆರೋಗ್ಯ ಮಾಹಿತಿ ಉಪನ್ಯಾಸದ ಬರಹರೂಪ)



ದೇವರ ಮುಂದೆ ಒಡೆಯುವ ತೆಂಗಿನಕಾಯಿಯಲ್ಲಿ ಕರಟ, ತಿರುಳು, ನೀರು ಇರುವಂತೆ ಮನುಷ್ಯನ ತಲೆಯಲ್ಲಿಯೂ ಬುರುಡೆ, ಮಿದುಳು, ಅದರ ಸುತ್ತ ತಿಳಿಯಾದ ಒಂದು ದ್ರವ ಇವೆ. ಜತೆಗೆ ಸದಾ ಹರಿಯುವ ರಕ್ತ. ಬೆಳೆದವರ ಬುರುಡೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಜಾಗ ಮಿದುಳಿನದು. ದ್ರವ ದಿನಕ್ಕೆ ಅರ್ಧ ಲೀಟರಿನಷ್ಟು ಉತ್ಪತ್ತಿಯಾಗಿ ಮತ್ತೆ ರಕ್ತಕ್ಕೇ ಸೇರುತ್ತದೆ. ಕರಟ ಹಿಗ್ಗುವುದಿಲ್ಲ; ಬುರುಡೆಯೂ ಹಿಗ್ಗುವುದಿಲ್ಲ. ಆದ್ದರಿಂದ ಒಳಗೆ ಒಂದು ಹೆಚ್ಚಾದರೆ ಇನ್ನೊಂದು ಜಾಗ ಬಿಡಲೇಬೇಕು. ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೋ 1783ರಲ್ಲಿ, ಆತನ ಶಿಷ್ಯ ಜಾರ್ಜ್ ಕೆಲ್ಲಿ 1824ರಲ್ಲಿ ಹೇಳಿದ ಈ ಮಾತಿನ ಮೇಲೆಯೇ ಇಂದಿನ ಚಿಕಿತ್ಸೆಯೂ ನಿಂತಿದೆ.

ಮಲಗಿರುವ ಆರೋಗ್ಯವಂತನಲ್ಲಿ ಈ ಒತ್ತಡ ಪಾದರಸದ ಅಳತೆಯಲ್ಲಿ 7ರಿಂದ 15 ಮಿಲಿಮೀಟರ್. ಪೆಟ್ಟಿನಿಂದ ರಕ್ತ ಹೆಪ್ಪುಗಟ್ಟಿದರೆ, ಗೆಡ್ಡೆ ಬೆಳೆದರೆ, ಮಿದುಳಿನ ಸೋಂಕಿನಿಂದ ಬಾವು ಬಂದರೆ, ದ್ರವದ ದಾರಿ ಕಟ್ಟಿಕೊಂಡರೆ ಅದು ಏರುತ್ತದೆ. ಮೊದಮೊದಲು ದ್ರವವೂ ಅಶುದ್ಧ ರಕ್ತವೂ ಸರಿದು ಜಾಗ ಬಿಡುವುದರಿಂದ ಹೊರಗೆ ಏನೂ ತೋರದು. ಆ ಅವಕಾಶ ಮುಗಿದ ಮೇಲೆ ಒಂದೆರಡು ಚಮಚದಷ್ಟು ಹೆಚ್ಚಾದರೂ ಒತ್ತಡ ಒಮ್ಮೆಲೇ ಮೇಲೇರುತ್ತದೆ. ಮಿದುಳಿಗೆ ರಕ್ತ ತಲಪದಾಗುತ್ತದೆ. ಕೊನೆಗೆ ಮಿದುಳು ಬುರುಡೆಯ ಬುಡದ ರಂಧ್ರದತ್ತ ಜಾರಿ ಉಸಿರಾಟದ ಕೇಂದ್ರವನ್ನೇ ಅದುಮುತ್ತದೆ.

ಕಾಸರಗೋಡಿನ ತೋಟದ ಊರುಗಳಲ್ಲಿ ಇದರ ಪರಿಚಯವಿಲ್ಲದ ಮನೆ ವಿರಳ. ಮಳೆಗಾಲದಲ್ಲಿ ಮಹಾಳಿಗೆ ಮದ್ದು ಬಿಡಲು ಏರಿದವರು ಜಾರುವ ಕಂಗಿನಿಂದ ಬೀಳುತ್ತಾರೆ. ಈಗ ಹೆಲ್ಮೆಟಿಲ್ಲದ ದ್ವಿಚಕ್ರ ಸವಾರರೂ ಆ ಸಾಲಿಗೆ ಸೇರಿದ್ದಾರೆ. ಬಿದ್ದವನು ಕ್ಷಣಕಾಲ ಎಚ್ಚರ ತಪ್ಪಿ, ಮತ್ತೆ ಎದ್ದು ಕುಳಿತು, ಚಹಾ ಕುಡಿದು, 'ಏನೂ ಆಗಲಿಲ್ಲ' ಎನ್ನುತ್ತಾನೆ. ಎರಡು ತಾಸಿನ ಮೇಲೆ ಅವನಿಗೆ ನಿದ್ದೆ ಬರುತ್ತದೆ. ಮನೆಯವರು 'ಪಾಪ, ದಣಿದಿದ್ದಾನೆ, ಮಲಗಲಿ' ಎಂದು ದೀಪ ಆರಿಸುತ್ತಾರೆ. ಕುಡಿದಿದ್ದರಂತೂ ಯಾರೂ ತಿರುಗಿ ನೋಡುವುದಿಲ್ಲ. ಕಿವಿಯ ಮುಂದೆ, ಮೇಲ್ಭಾಗದ ತೆಳು ಎಲುಬು ಬಿರಿದು ಅದರಡಿಯ ರಕ್ತನಾಳ ಹರಿದಿದ್ದರೆ, ಈ ನಿದ್ದೆ ನಿದ್ದೆಯಲ್ಲ. ಒತ್ತಡ ಏರಿದುದರ ಲಕ್ಷಣ. ಹೊತ್ತಿಗೆ ಸರಿಯಾಗಿ ರಕ್ತ ತೆಗೆದರೆ ಇಂಥವರಲ್ಲಿ ಎಷ್ಟೋ ಮಂದಿ ನಡೆದುಕೊಂಡೇ ಮನೆಗೆ ಬರುತ್ತಾರೆ ಎಂಬುದರಿಂದಲೇ ಈ 'ಮಲಗಲಿ' ಎಂಬ ಮಾತು ಅಷ್ಟು ದುಬಾರಿ.

ಹೆಚ್ಚುತ್ತಿರುವ ತಲೆನೋವು, ಮತ್ತೆ ಮತ್ತೆ ವಾಂತಿ, ಅಸಂಬದ್ಧ ಮಾತು, ಎರಡೆರಡು ಕಾಣುವುದು, ಸೆಳವು, ಒಂದು ಬದಿಯ ಕೈಕಾಲು ಸೋಲುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವ ತನಕ ಕಾಯಬಾರದು. ಎಬ್ಬಿಸಿದರೆ ಸರಿಯಾಗಿ ಎಚ್ಚರಗೊಳ್ಳದಿದ್ದರೂ ಹಾಗೆಯೇ. ರಕ್ತ ತೆಳುವಾಗುವ ಮಾತ್ರೆ ನುಂಗುವ ಹಿರಿಯರಲ್ಲಿ ಸಣ್ಣ ಪೆಟ್ಟಿನ ಪರಿಣಾಮ ಕೆಲವು ವಾರಗಳ ಬಳಿಕವೂ ತೋರಬಹುದು. ಅದನ್ನು ಅರಳುಮರಳು ಎಂದು ತಳ್ಳಿಹಾಕುವುದು ವಾಡಿಕೆ. ಎಳೆಗೂಸಿನ ನೆತ್ತಿ ಅಳದಿರುವಾಗಲೂ ಉಬ್ಬಿಕೊಂಡೇ ಇದ್ದರೆ ತೋರಿಸಬೇಕು.

ಬಿದ್ದವನನ್ನು ನಾಲ್ವರು ಕೈಕಾಲು ಹಿಡಿದೆತ್ತಿ ಜೀಪಿಗೆ ತುಂಬುವುದು ಸಲ್ಲದು. ಕುತ್ತಿಗೆಯ ಎಲುಬೂ ಮುರಿದಿರಬಹುದು. ತಲೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಲಗೆಯ ಮೇಲೆ ಸಾಗಿಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹನಿಸಲೇಬಾರದು. ಇಲ್ಲಿಯವರಿಗೆ ದೊಡ್ಡ ಆಸ್ಪತ್ರೆಯೆಂದರೆ ಬಹುಕಾಲದಿಂದ ಮಂಗಳೂರು. ಕಾಸರಗೋಡು ಪೇಟೆಯಿಂದ ಅದು ಸುಮಾರು 50 ಕಿಲೋಮೀಟರ್. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಈ ದೂರದ ಬೆಲೆ ಏನೆಂದು ಎಲ್ಲರೂ ಕಂಡರು. ಹೊರಡುವ ಮೊದಲು ಸ್ಕ್ಯಾನಿಂಗೂ ನರಶಸ್ತ್ರ ವೈದ್ಯರೂ ಎಲ್ಲಿ ಸಿಗುತ್ತಾರೆಂದು ಫೋನಿನಲ್ಲಿ ಕೇಳಿಕೊಂಡರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದು ತಪ್ಪುತ್ತದೆ.

ಆಸ್ಪತ್ರೆಯಲ್ಲಿ ದಾದಿಯರು ಗಂಟೆಗಂಟೆಗೂ ಹೆಸರು ಕೇಳಿ, ಚಿವುಟಿ, ಕಣ್ಣಿಗೆ ಬೆಳಕು ಬಿಡುವುದು ಕಿರುಕುಳವಲ್ಲ. 1974ರಲ್ಲಿ ಗ್ಲಾಸ್ಗೋದ ಇಬ್ಬರು ವೈದ್ಯರು ರೂಪಿಸಿದ ಅಳತೆಯಂತೆ ಕಣ್ಣು, ಮಾತು, ಚಲನೆಗಳಿಗೆ 3ರಿಂದ 15ರ ತನಕ ಅಂಕ ಕೊಡುತ್ತಾರೆ. 8 ಅಥವಾ ಕಡಿಮೆಯಾದರೆ ಗಂಡಾಂತರ. ಮಂಚದ ತಲೆಭಾಗವನ್ನು ಸುಮಾರು 30 ಡಿಗ್ರಿ ಏರಿಸಿ ಮುಖವನ್ನು ನೇರವಾಗಿರಿಸುವುದು ಔಷಧದಷ್ಟೇ ಮುಖ್ಯ. ಕುತ್ತಿಗೆ ಓರೆಯಾದರೆ ತಲೆಯಿಂದ ರಕ್ತ ಇಳಿಯಲು ತಡೆಯಾಗುತ್ತದೆ. ಪ್ರೀತಿಯಿಂದ ಇನ್ನೊಂದು ದಿಂಬು ತುರುಕುವ ಬಂಧುಗಳು ಇದನ್ನು ತಿಳಿಯರು. ಕೆಮ್ಮು, ಜ್ವರ, ಮಲಬದ್ಧತೆಯ ಮುಕ್ಕುವಿಕೆ ಇವೆಲ್ಲ ಒತ್ತಡ ಏರಿಸುವಂಥವು. ಕೂಡಲೇ ದಾದಿಗೆ ತಿಳಿಸಬೇಕು. ತಲೆಯಿಂದ ದ್ರವ ಇಳಿಸುವ ನಳಿಕೆ ಇದ್ದಾಗ ಹೇಳದೆ ಮಂಚವನ್ನು ಏರಿಸಿ ಇಳಿಸಿದರೆ ದ್ರವ ಅತಿಯಾಗಿ ಹರಿದೀತು, ಇಲ್ಲವೇ ನಿಂತೀತು. ಹತ್ತು ಮಂದಿ ಸುತ್ತ ನಿಂತು ಅಳುವುದೂ ಬೇಡ. ಒಬ್ಬರು ಮೆಲುದನಿಯಲ್ಲಿ ಮಾತಾಡಿದರೆ ಸಾಕು.

ಮ್ಯಾನಿಟಾಲ್, ಗಾಢ ಉಪ್ಪಿನ ದ್ರಾವಣಗಳಿಂದಲೂ ಒತ್ತಡ ಇಳಿಯದಿದ್ದರೆ ಬುರುಡೆಯ ಒಂದು ತುಂಡನ್ನು ತೆಗೆದಿಡುವ ಶಸ್ತ್ರಕ್ರಿಯೆಯ ಮಾತು ಬರುತ್ತದೆ. ಸಹಿ ಹಾಕುವವರು ಎರಡು ಬದಿಯನ್ನೂ ಕೇಳಿರಬೇಕು. 2016ರಲ್ಲಿ ಪ್ರಕಟವಾದ, ಇಂಥ 400ರಷ್ಟು ಗಾಯಾಳುಗಳ ಅಧ್ಯಯನದಲ್ಲಿ ಆರು ತಿಂಗಳೊಳಗೆ ತೀರಿಹೋದವರು ಔಷಧವನ್ನೇ ಮುಂದುವರಿಸಿದ ಗುಂಪಿನಲ್ಲಿ ನೂರಕ್ಕೆ 49, ಶಸ್ತ್ರಕ್ರಿಯೆಯ ಗುಂಪಿನಲ್ಲಿ 27. ಆದರೆ ಹಾಗೆ ಉಳಿದವರಲ್ಲಿ ಪರರ ಆಸರೆಯಿಂದಲೇ ಬದುಕುವವರೂ ಹೆಚ್ಚಾಗಿದ್ದರು. ಯಾವುದು ಸರಿಯೆಂದು ಹೊರಗಿನವರು ತೀರ್ಪು ಕೊಡುವ ವಿಷಯವಿದಲ್ಲ.

ಮನೆಗೆ ಬಂದ ಮೇಲೆ, ಎಲುಬು ತೆಗೆದ ಬದಿಗೆ ಒತ್ತಿ ಮಲಗಿಸಬಾರದು. ಅದನ್ನು ಮರಳಿ ಕೂರಿಸುವ ತನಕ ಆ ಭಾಗಕ್ಕೆ ಪೆಟ್ಟು ತಾಗದಂತೆ ಕಾಯಬೇಕು. ಸೆಳವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮೊದಲು ಸೌಮ್ಯನಾಗಿದ್ದವನು ಸಿಡುಕಬಹುದು, ಕೇಳಿದ್ದನ್ನೇ ಹತ್ತು ಬಾರಿ ಕೇಳಬಹುದು. ಅದು ಹಠವಲ್ಲ, ಪೆಟ್ಟಿನ ಶೇಷ. ಹನ್ನೊಂದನೆಯ ಬಾರಿಯೂ ಮೊದಲ ಬಾರಿಯ ದನಿಯಲ್ಲೇ ಉತ್ತರ ಕೊಡುವವರು ಮನೆಯಲ್ಲಿ ಒಬ್ಬರಾದರೂ ಬೇಕು.