ಬೋರ್ಡು ಗೆದ್ದೆವು, ಓದುವವರೆಲ್ಲಿ?

(ಬೆಂಗಳೂರಿನಲ್ಲಿ ದುಡಿಯುತ್ತಿರುವ ಮಲೆನಾಡು ಸೀಮೆಯ ಯುವಕ ಯುವತಿಯರ ಸಭೆಯಲ್ಲಿ ಶಿಕಾರಿಪುರದ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಭಾಷಣಕಾರರ ಹೆಸರನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವವನು. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು ಇವತ್ತಿಗೂ ಅಲ್ಲೇ ಇದ್ದೇನೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಅಡಿಕೆ ಮಂಡಿಯ ಬಿಲ್ ಬುಕ್ಕು, ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಪೋಸ್ಟರು. ನನ್ನ ಹೊಟ್ಟೆ ತುಂಬಿಸಿರುವುದು ಕನ್ನಡದ ಅಕ್ಷರವೇ. ಆ ಋಣದ ಮಾತಾಡಲು ಬಂದಿದ್ದೇನೆ.

ಮೊದಲು ನನ್ನ ಮಾನ ನಾನೇ ಹರಾಜಿಗೆ ಇಡುತ್ತೇನೆ. ಕೆಲವು ವರ್ಷಗಳ ಹಿಂದೆ, ಅಕ್ಟೋಬರ್ ಕೊನೆ. ರಾಜ್ಯೋತ್ಸವದ ಕರಪತ್ರದ ಪ್ರೂಫ್ ತಿದ್ದಬೇಕಿತ್ತು. ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದೆ. ಏಳನೇ ಕ್ಲಾಸಿನ ಮಗಳು ಪ್ರೆಸ್ಸಿನಲ್ಲೇ ಇದ್ದಳು. "ನೀನು ಓದಮ್ಮ, ನಾನು ಕೇಳಿಸಿಕೊಂಡು ತಿದ್ದುತ್ತೇನೆ" ಅಂದೆ. ಓದಿದಳು, ಮಳೆಗಾಲದ ಹಳ್ಳ ದಾಟುವವರ ಹಾಗೆ, ಒಂದೊಂದು ಅಕ್ಷರಕ್ಕೂ ಕಾಲೂರಿ, ನಿಂತು, ಮುಂದಿನ ಕಲ್ಲು ಹುಡುಕಿ. "ಭುವನೇಶ್ವರಿ" ಅನ್ನುವಲ್ಲಿ ನಿಂತೇಬಿಟ್ಟಳು. "ಅಪ್ಪಾ, ಇದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಡು, ಓದ್ತೀನಿ" ಅಂದಳು.

ಅವಳ ಕೈಲಿದ್ದ ಹಾಳೆಯ ತಲೆಬರಹ ಏನು ಗೊತ್ತೇ? "ಕನ್ನಡವೇ ನಮ್ಮ ಉಸಿರು"! ಯಾರನ್ನು ಬೈಯಲಿ? ಅವಳ ಕೈ ಹಿಡಿದು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿ ಬಂದವನು ನಾನೇ.

ಶೇ. 60 ಯಾರಿಗಾಗಿ?

ನೀವು ಹೋರಾಟಗಾರರು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕದ ಹೋರಾಟ ಹೇಗೆ ನಡೆಯಿತೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ಬೋರ್ಡಿನಲ್ಲಿ ಶೇ. 60 ಕನ್ನಡ ಕಡ್ಡಾಯವಾಯಿತು. ಸಂತೋಷ, ನಾನೂ ಸಿಹಿ ಹಂಚಿದವನೇ. ಆದರೆ ಆ ಬೋರ್ಡನ್ನು ನನ್ನ ಮಗಳು ಓದಬೇಕಲ್ಲ? ಓದುವ ಕಣ್ಣೇ ಇಲ್ಲದಿದ್ದರೆ ಶೇ. 60 ಯಾರಿಗಾಗಿ? ದೇವರಿಲ್ಲದ ಗುಡಿಗೆ ಕಳಶ ಇಟ್ಟ ಹಾಗಾಗುತ್ತದೆ.

ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು, ಡಾ. ರಾಜ್ ಬೀದಿಗಿಳಿದರು. 1994ರಲ್ಲಿ ಒಂದರಿಂದ ನಾಲ್ಕನೇ ತರಗತಿವರೆಗೆ ಕನ್ನಡ ಇಲ್ಲವೇ ತಾಯ್ನುಡಿ ಮಾಧ್ಯಮ ಎಂದು ಸರ್ಕಾರ ಆದೇಶ ಮಾಡಿತು. 2014ರಲ್ಲಿ ಸುಪ್ರೀಂ ಕೋರ್ಟು ಏನು ಹೇಳಿತು? ಮಾಧ್ಯಮದ ಆಯ್ಕೆ ಮಗುವಿನದು, ಮಗುವಿನ ಪರವಾಗಿ ತಂದೆ ತಾಯಿಯದು, ಸರ್ಕಾರ ಹೇರುವಂತಿಲ್ಲ ಅಂದಿತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು.

ಇದರ ಅರ್ಥ ಏನು? ತೀರ್ಮಾನ ವಿಧಾನಸೌಧದಿಂದ ನಮ್ಮ ಮನೆಯ ಜಗಲಿಗೆ ಬಂದಿದೆ. ಹಾಗಾದರೆ ಹೋರಾಟವೂ ಜಗಲಿಗೆ ಬರಬೇಕಲ್ಲವೇ? ಮಗು ಯಾವ ಮೀಡಿಯಂನಲ್ಲಾದರೂ ಓದಲಿ, ಮನೆಯಲ್ಲಿ ಕನ್ನಡ ಪುಸ್ತಕ ಬಿಚ್ಚಿ ಕೂರುವುದನ್ನು ಯಾವ ಕೋರ್ಟೂ ತಡೆದಿಲ್ಲ.

ಅಜ್ಜನ ಜೊತೆ ಹೊರಟ ಮಯೂರ

1975ರ 'ಮಯೂರ' ಚಿತ್ರದಿಂದ ನಿಮಗೆಲ್ಲ ಮಯೂರ ಗೊತ್ತು. ಅವನ ವಂಶದ ಕಥೆ ಹೇಳುವ ಕಂಬದ ಶಾಸನ ಇರುವುದು ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ. ಮಯೂರಶರ್ಮ ಕಂಚಿಗೆ ಹೋದದ್ದು ಕತ್ತಿ ಹಿಡಿದು ಅಲ್ಲ, ಓದಲಿಕ್ಕೆ. ಜೊತೆಗೆ ಹೋದವರು ಯಾರು? ಅವನಿಗೆ ಗುರುವೂ ಆಗಿದ್ದ ಅಜ್ಜ ವೀರಶರ್ಮ! ಅಲ್ಲಿ ಅವಮಾನವಾಯಿತು, ರಾಜ್ಯ ಕಟ್ಟಿದ. ಅದು ಆಮೇಲಿನ ಮಾತು. ಅದೇ ತಾಳಗುಂದದಲ್ಲಿ ಉತ್ಖನನದಿಂದ ಹೊರಬಂದ ಸಿಂಹಕಟಾಂಜನ ಶಾಸನ ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿಗಿಂತ ಹಳೆಯ ಕನ್ನಡ ಅಲ್ಲಿದೆ ಎಂದು ಪುರಾತತ್ವ ಇಲಾಖೆ ಹೇಳಿದೆ. ಪಕ್ಕದ ಬಳ್ಳಿಗಾವಿಯ ಕೋಡಿಮಠದ 1162ರ ಶಾಸನ ಓದಿಸಿ ಕೇಳಿ. ಓದುವವರಿಗೆ ಪಾಠ, ಹಸಿದವರಿಗೆ ಅನ್ನ, ರೋಗಿಗೆ ಮದ್ದು, ಮೂರೂ ಒಂದೇ ಕಡೆ ಸಿಗುತ್ತಿದ್ದವಂತೆ. ಇಂಥ ಮಣ್ಣಿನ ಮಕ್ಕಳು "ಭುವನೇಶ್ವರಿ" ಓದಲು ಒದ್ದಾಡುತ್ತಿದ್ದಾರೆ!

ನಮ್ಮ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು ನನ್ನ ಹಳೆಯ ಗಿರಾಕಿ. ಅವರ ಮುಂದೆ ಮಗಳ ವಿಷಯ ತೋಡಿಕೊಂಡೆ. "ನಮ್ಮ ಕನ್ನಡ ಮೀಡಿಯಂ ಮಕ್ಕಳೂ ಪಾಠದ ಪುಸ್ತಕ ಬಿಟ್ಟು ಬೇರೇನೂ ಓದಿಲ್ಲ. ಬನ್ನಿ, ಏನಾದರೂ ಮಾಡೋಣ" ಅಂದರು. ಹಾಗೆ ಶುರುವಾಯಿತು ಪುಸ್ತಕ ಕೂಟ. ಆರು, ಏಳು, ಎಂಟನೇ ತರಗತಿಯ ಹದಿನಾಲ್ಕು ಮಕ್ಕಳು, ಹದಿನೈದನೆಯವಳು ನನ್ನ ಮಗಳು. ಶನಿವಾರ ತರಗತಿ ಬಿಟ್ಟ ಮೇಲೆ ಒಂದು ಗಂಟೆ. ಈ ಮೂರೇ ತರಗತಿ ಏಕೆ? ಅದಕ್ಕಿಂತ ಚಿಕ್ಕವರು ಕಥೆ ಹೇಳಿದರೆ ಕೇಳುತ್ತಾರೆ. ಒಂಬತ್ತಕ್ಕೆ ಹೋದರೆ ಎಸ್ಸೆಸ್ಸೆಲ್ಸಿ ಭೂತ ಹಿಡಿಯುತ್ತದೆ. ನಡುವಿನ ಈ ಮೂರು ವರ್ಷದಲ್ಲಿ ಕೈಗೆ ಪುಸ್ತಕ ಬರಬೇಕು, ಇಲ್ಲದಿದ್ದರೆ ಫೋನು ಬರುತ್ತದೆ.

ನಾವು ಮಾಡಿದ ತಪ್ಪುಗಳು

ಸಾಧನೆ ಹೇಳುವವರು ಬಹಳ ಮಂದಿ, ನಾನು ತಪ್ಪು ಹೇಳುತ್ತೇನೆ. ಅಭಿಮಾನದ ಭರದಲ್ಲಿ ಮೊದಲ ವಾರವೇ ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಕೊಟ್ಟೆ. ಆರನೇ ಕ್ಲಾಸಿನ ಮಗುವಿಗೆ! ಮುಂದಿನ ಶನಿವಾರ ಬಂದವರು ಐದೇ ಜನ. ಅಟ್ಟದ ಮೇಲಿರುವ ಹಲಸಿನ ಹಣ್ಣು ತೋರಿಸಿ ಏಣಿ ಕೊಡದಿದ್ದರೆ ಮಗು ಏನು ಮಾಡೀತು?

ಎರಡನೇ ತಪ್ಪು, ಬಹುಮಾನ ಇಟ್ಟದ್ದು. ಚೆನ್ನಾಗಿ ಓದುವ ಇಬ್ಬರೇ ಪ್ರತಿ ವಾರ ಗೆದ್ದರು, ಉಳಿದವರು ಗೋಡೆ ಕಡೆ ಸರಿದರು. ಮೂರನೆಯದು, ಕಥೆ ಮುಗಿದ ಕೂಡಲೇ "ಇದರ ನೀತಿ ಏನು?" ಎಂದು ಕೇಳಿದ್ದು. ಆ ಪ್ರಶ್ನೆ ಬಂದರೆ ಕಥೆ ಸತ್ತು ಪರೀಕ್ಷೆ ಹುಟ್ಟುತ್ತದೆ. ಈಗ ನಮ್ಮ ಕೂಟದಲ್ಲಿ ಪರೀಕ್ಷೆ ಇಲ್ಲ, ಬಹುಮಾನ ಇಲ್ಲ, ಅಧ್ಯಕ್ಷತೆ ಇಲ್ಲ, ಹಾರವಂತೂ ಇಲ್ಲವೇ ಇಲ್ಲ. "ಎಲ್ಲಿ ಬೇಜಾರಾಯಿತು? ನೀನಾಗಿದ್ದರೆ ಏನು ಮಾಡುತ್ತಿದ್ದೆ?" ಇಷ್ಟೇ ಕೇಳುತ್ತೇವೆ. ಬೇಜಾರಾಯಿತು ಅನ್ನುವ ಹಕ್ಕು ಕೊಟ್ಟ ಮೇಲೆ ಮಕ್ಕಳು ಬಾಯಿ ಬಿಟ್ಟರು.

ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಏಳನೇ ತರಗತಿ. ಪಟಪಟ ಓದುತ್ತಿದ್ದ. ಒಂದು ದಿನ ಎರಡು ಹಾಳೆ ಅಂಟಿಕೊಂಡಿದ್ದ ಪುಸ್ತಕ ಅವನ ಕೈಗೆ ಹೋಯಿತು. ಮಧ್ಯದ ಪುಟ ಹಾರಿಹೋಗಿದ್ದರೂ ಇವನು ಆ ಪುಟದ ಕಥೆಯನ್ನೂ ಓದುತ್ತಲೇ ಇದ್ದ! ಆಗ ಗೊತ್ತಾಯಿತು, ಅವನಿಗೆ ಓದಲು ಬರುವುದಿಲ್ಲ, ಪಕ್ಕದವನಿಂದ ಕೇಳಿ ಬಾಯಿಪಾಠ ಮಾಡಿದ್ದಾನೆ. ಆರು ವರ್ಷ ಕನ್ನಡ ಮಾಧ್ಯಮದಲ್ಲಿ ಕೂತ ಮಗು ಸ್ವಾಮಿ! ಬೈದರೆ ಶಾಲೆಯನ್ನೇ ಬಿಡುತ್ತಿದ್ದ. ಮೇಷ್ಟ್ರು ಉಪಾಯ ಮಾಡಿದರು. "ನಿನ್ನ ತಂಗಿ ಒಂದನೇ ಕ್ಲಾಸು ಅಲ್ಲವಾ? ಅವಳಿಗೆ ದಿನಾ ಒಂದು ಪುಟ್ಟ ಪುಸ್ತಕ ಓದಿ ಹೇಳುವ ಕೆಲಸ ನಿನ್ನದು" ಅಂದರು. ಪುಟಕ್ಕೆ ಎರಡೇ ಸಾಲು ಇರುವ ಪುಸ್ತಕ. ಅಣ್ಣ ಮೇಷ್ಟ್ರಾದ, ನಾಚಿಕೆ ಹೋಯಿತು. ತಂಗಿಗೆ ಕಲಿಸುತ್ತಾ ತಾನು ಕಲಿತ. ವರ್ಷ ಹಿಡಿಯಿತು, ಆದರೆ ಕಲಿತ. ನನ್ನ ಮಗಳೂ ಅವನ ಪಕ್ಕ ಕೂತು ಅದೇ ಎರಡು ಸಾಲಿನ ಪುಸ್ತಕದಿಂದಲೇ ಶುರು ಮಾಡಿದಳು.

ಅಡಿಕೆ ಸುಲಿಯುವ ಅಂಗಳದಲ್ಲಿ

ಮನೆಯವರು ಸೇರದಿದ್ದರೆ ಕೂಟ ಉಳಿಯುವುದಿಲ್ಲ. "ಬನ್ನಿ" ಅಂದರೆ ಬರುತ್ತಾರಾ? ಕೂಲಿ ಬಿಟ್ಟು ಯಾರು ಬರುತ್ತಾರೆ? ಅಮಾವಾಸ್ಯೆ ದಿನ ನಮ್ಮ ಕಡೆ ಎತ್ತು ಹೂಡುವುದಿಲ್ಲ. ತಿಂಗಳ ದೊಡ್ಡ ಕೂಟವನ್ನು ಅಮಾವಾಸ್ಯೆ ಸಂಜೆಗೆ ಇಟ್ಟೆವು, ಅಪ್ಪಂದಿರು ಬಂದರು. ನಾಟಿ ಕಾಲದಲ್ಲಿ ಕೂಟವೇ ಬೇಡ, ಪುಸ್ತಕ ಮಾತ್ರ ಮನೆಗೆ ಹೋಗಲಿ ಅಂದೆವು.

ಸೊರಬ ತಾಲ್ಲೂಕಿನ ಒಂದು ಊರಿನಲ್ಲಿ ಎರಡನೇ ಕೂಟ ಶುರುವಾದಾಗ ಇನ್ನೊಂದು ದಾರಿ ಸಿಕ್ಕಿತು. ಅಡಿಕೆ ಕೊಯ್ಲಿನ ದಿನಗಳಲ್ಲಿ ಹೆಂಗಸರು ರಾತ್ರಿ ಹತ್ತು ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಕೈಗೆ ಕೆಲಸ, ಕಿವಿಗೆ ಬಿಡುವು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಅಲ್ಲಿ ಕೂತು ಗಟ್ಟಿಯಾಗಿ ಓದಲು ಶುರು ಮಾಡಿದಳು. ಎರಡನೇ ರಾತ್ರಿ ಪಕ್ಕದ ಅಂಗಳದವರು "ನಮ್ಮ ಮನೆಗೂ ಬಾರೇ" ಎಂದು ಕರೆದರು. ಇದು ಹೊಸದೇನಲ್ಲ. ಒಬ್ಬರು ಜೈಮಿನಿ ಭಾರತ ಓದುವುದು, ಊರೆಲ್ಲ ಕೂತು ಕೇಳುವುದು ನಮ್ಮ ಹಿರಿಯರ ಕಾಲದ ಪದ್ಧತಿ. ಅವರಿಗೆ ಪುಸ್ತಕ ಕೂಟ ಎಂಬ ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಒಂದು ಅಮಾವಾಸ್ಯೆ ಈಸೂರಿನ ಕಥೆ ಓದಿದೆವು. 1942ರಲ್ಲಿ ತಮ್ಮದೇ ಸರ್ಕಾರ ಸಾರಿಕೊಂಡ ಊರು, ಬಾಲಕರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದ ಊರು. 1943ರ ಮಾರ್ಚ್‌ನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದರು. "ನಮ್ಮಷ್ಟೇ ವಯಸ್ಸಿನವರು ಅಮಲ್ದಾರರಾ?" ಎಂದು ಮಕ್ಕಳು ಬಾಯಿ ಮೇಲೆ ಕೈ ಇಟ್ಟರು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರು, ಪೊಲೀಸರಿಗೆ ಹೆದರಿ ಕಾಡು ಸೇರಿದ ತಮ್ಮ ಅತ್ತೆ ಹೇಳುತ್ತಿದ್ದ ಮಾತುಗಳನ್ನು ಹೇಳತೊಡಗಿದರು. ಮೊಮ್ಮಗಳು ಬರೆದುಕೊಂಡಳು. ನಾನು ಒಂದು ಫಾರಂ, ಅಂದರೆ ಹದಿನಾರು ಪುಟದ ಪುಸ್ತಕ ಅಚ್ಚು ಹಾಕಿಕೊಟ್ಟೆ. ಮದುವೆ ಪತ್ರಿಕೆಯಲ್ಲಿ ಉಳಿದ ರಟ್ಟೇ ಅದಕ್ಕೆ ಹೊದಿಕೆ. ಹೆಬ್ಬೆಟ್ಟು ಒತ್ತುವ ಆ ಅಜ್ಜಿ ತನ್ನ ಹೆಸರಿರುವ ಸಾಲಿನ ಮೇಲೆ ಬೆರಳಾಡಿಸಿದರು. ಇಷ್ಟು ವರ್ಷದಲ್ಲಿ ಲಕ್ಷಗಟ್ಟಲೆ ಹಾಳೆ ಅಚ್ಚು ಹಾಕಿದ್ದೇನೆ, ಅಂಥ ಓದುಗರು ನನಗೆ ಸಿಕ್ಕಿರಲಿಲ್ಲ.

ಕನ್ನಡ ಯಾರ ಮನೆಯದು?

ಶಿಕಾರಿಪುರ ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾಗಳಿವೆ. ಶಿರಾಳಕೊಪ್ಪದಲ್ಲಿ ಉರ್ದು ಮಾತಾಡುವ ಮನೆಗಳು ಬಹಳ. "ಆ ಮಕ್ಕಳು ಯಾಕೆ?" ಎಂದು ನನ್ನನ್ನು ಕೇಳಿದವರಿದ್ದಾರೆ. ನಮ್ಮ ಕೂಟದ ಅತಿ ಹೆಚ್ಚು ಓದುವ ಹುಡುಗಿ ತಾಂಡಾದವಳು. ಕನ್ನಡದಲ್ಲಿ ಓದಿದ್ದನ್ನು ಅವಳು ಅವ್ವನಿಗೆ ಲಂಬಾಣಿಯಲ್ಲಿ ಹೇಳುತ್ತಾಳೆ, ಅವ್ವ ಹೇಳಿದ ಕಥೆಯನ್ನು ಕನ್ನಡದಲ್ಲಿ ಬರೆಯುತ್ತಾಳೆ. ಮನೆಯ ಮಾತು ಅವಳಿಗೂ ಉಳಿಯಿತು, ಕನ್ನಡಕ್ಕೂ ಒಂದು ಕಥೆ ಬಂತು. ಯಾರಿಗೆ ನಷ್ಟ ಹೇಳಿ?

ಮೈಸೂರಿನ ರಾಜೀವನಗರದ ಸೈಯದ್ ಇಸಾಕ್ ಅವರನ್ನು ನೆನೆಸಿಕೊಳ್ಳಿ. ಕೂಲಿ ಮಾಡಿ ಬದುಕುವವರು, ತಮಗೆ ಸಿಗದ ಓದು ತಮ್ಮ ಕೇರಿಗೆ ಸಿಗಲಿ ಎಂದು ಗ್ರಂಥಾಲಯ ಕಟ್ಟಿದರು. 2021ರ ಏಪ್ರಿಲ್‌ನಲ್ಲಿ ಅದಕ್ಕೆ ಬೆಂಕಿ ಬಿತ್ತು, ಸುಮಾರು 11,000 ಪುಸ್ತಕ ಬೂದಿಯಾದವು. ಮತ್ತೆ ಕಟ್ಟುತ್ತೇನೆ ಎಂದು ಅವರು ಎದ್ದು ನಿಂತರು. ಕನ್ನಡಾಭಿಮಾನ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಅವರ ಹೆಸರು ಹೇಳುತ್ತೇನೆ.

ನಿಮ್ಮ ಕೈಲಿ ಆಗುವುದು

ಪುಸ್ತಕ ಎಲ್ಲಿಂದ ತರಲಿ ಎಂದು ಕೇಳಬೇಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಹೆಸರಿನಲ್ಲಿ ಅರಿವು ಕೇಂದ್ರ, ಇದೆ. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದರು. ನಿಮ್ಮೂರಿನ ಎಷ್ಟು ಮಕ್ಕಳು ಹೆಸರು ಬರೆಸಿದ್ದಾರೆ, ಹೋಗಿ ನೋಡಿ. ನ್ಯಾಷನಲ್ ಬುಕ್ ಟ್ರಸ್ಟ್ ಮಕ್ಕಳ ಪುಸ್ತಕಗಳನ್ನು ಕಡಿಮೆ ಬೆಲೆಗೆ ಕೊಡುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ಅವನ್ನು ಯಾರು ಬೇಕಾದರೂ ಅಚ್ಚು ಮಾಡಬಹುದು, ಕದ್ದಂತಾಗುವುದಿಲ್ಲ. ನಾನು ಪ್ರೆಸ್ಸಿನ ಉಳಿಕೆ ಕಾಗದದಲ್ಲಿ ಮಾಡುತ್ತಿರುವುದು ಇದನ್ನೇ.

ಹಳೆಯ ಗೈಡು, ಹರಿದ ಪಠ್ಯಪುಸ್ತಕ ದಾನ ಮಾಡಿ ಕೈ ತೊಳೆಯಬೇಡಿ. ಒಂದೇ ಒಳ್ಳೆಯ ಪುಸ್ತಕದ ಐದು ಪ್ರತಿ ಕೊಡಿ. ಐವರು ಒಂದೇ ಕಥೆ ಓದಿದರೆ ಮಾತ್ರ ಜಗಳ ಹುಟ್ಟುತ್ತದೆ, ಮಾತು ಹುಟ್ಟುತ್ತದೆ. ದಸರೆಗೋ ದೀಪಾವಳಿಗೋ ಊರಿಗೆ ಬರುತ್ತೀರಲ್ಲ, ಒಂದು ಸಂಜೆ ಆ ಶಾಲೆಯ ಜಗಲಿಯಲ್ಲಿ ಕೂತು ನೀವೇ ಓದಿ ಹೇಳಿ. ಬೆಂಗಳೂರಿನಲ್ಲೇ ಇರುವವರು ನಿಮ್ಮ ಬಾಡಿಗೆ ಮನೆಯ ಬೀದಿಯ ಮಕ್ಕಳನ್ನು ಕರೆದು ಕೂರಿಸಿಕೊಳ್ಳಿ. ನವೆಂಬರಿನ ಪೆಂಡಾಲು, ಮೈಕ್‌ಸೆಟ್ಟಿನ ಖರ್ಚಿನಲ್ಲಿ ಕಾಲು ಭಾಗ ತೆಗೆದು ಪುಸ್ತಕ ಕೊಳ್ಳಿ. ನನ್ನ ಪೋಸ್ಟರ್ ಆರ್ಡರು ಕಡಿಮೆಯಾದರೂ ಚಿಂತೆಯಿಲ್ಲ!

ಕೊನೆಯ ಮಾತು. ಕಳೆದ ಅಕ್ಟೋಬರಿನಲ್ಲಿ ರಾಜ್ಯೋತ್ಸವದ ಕರಪತ್ರದ ಪ್ರೂಫನ್ನು ಮಗಳೇ ಓದಿದಳು. ನಿಲ್ಲಲಿಲ್ಲ. ಮುಗಿಸಿ, "ಅಪ್ಪಾ, ಎರಡು ಕಡೆ ಮಹಾಪ್ರಾಣ ಬಿಟ್ಟಿದ್ದೀಯ" ಅಂದಳು. ನೋಡಿದೆ, ನಿಜವೇ. ಇಷ್ಟು ವರ್ಷದ ಮುದ್ರಕನಿಗೆ ತಪ್ಪು ತೋರಿಸಿದ ಆ ಕೂಸಿನ ಮೇಲೆ ನನಗೆ ಬಂದ ಸಿಟ್ಟಿನಷ್ಟು ಸಂತೋಷ ಯಾವ ರಾಜ್ಯೋತ್ಸವದಲ್ಲೂ ಬಂದಿಲ್ಲ.

ಸಿರಿಗನ್ನಡಂ ಗೆಲ್ಗೆ!